ಅಮೆರಿಕದಲ್ಲಿ ಕ್ರೆಡಿಟ್ ಫ್ರೀಜ್ ಮಾಡುವುದು ಹೇಗೆ

ನಿಮ್ಮ ಸೋಷಿಯಲ್ ಸೆಕ್ಯೂರಿಟಿ ನಂಬರ್ (ಎಸ್ಎಸ್ಎನ್, ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಕಳ್ಳರ ಕೈಗೆ ಸಿಕ್ಕರೂ, ಕ್ರೆಡಿಟ್ ಫ್ರೀಜ್ ಇದ್ದರೆ ಹೊಸ ಸಾಲದಾತರಿಗೆ ನಿಮ್ಮ ಸಾಲದ ಇತಿಹಾಸದ ವರದಿ (ಕ್ರೆಡಿಟ್ ರಿಪೋರ್ಟ್) ಸಿಗುವುದಿಲ್ಲ. ವರದಿ ನೋಡದೆ ಹೊಸ ಕಾರ್ಡ್ ಕೊಡುವವರು ಅಪರೂಪ. 2018ರ ಸೆಪ್ಟೆಂಬರ್‌ನಿಂದ ಇದು ಪೂರ್ತಿ ಉಚಿತ.

ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ, ಈ ವರದಿ ಇಡುವ ಮೂರೂ ಕ್ರೆಡಿಟ್ ಬ್ಯೂರೋಗಳಲ್ಲಿ ಬೇರೆಬೇರೆಯಾಗಿಯೇ ಮಾಡಬೇಕು. ಒಂದನ್ನು ಬಿಟ್ಟರೂ ಬಾಗಿಲು ತೆರೆದಂತೆಯೇ. ಅವರವರ ವೆಬ್‌ಸೈಟಿನಲ್ಲಿ ಖಾತೆ ತೆರೆದು, ಹೆಸರು, ಹುಟ್ಟಿದ ದಿನ, ಎಸ್ಎಸ್ಎನ್, ವಿಳಾಸ ತುಂಬಿ 'ಫ್ರೀಜ್' ಆರಿಸಿ. ಪಕ್ಕದಲ್ಲೇ ತಿಂಗಳ ಶುಲ್ಕದ 'ಲಾಕ್' ಯೋಜನೆಗಳ ಜಾಹೀರಾತು ಕಣ್ಣಿಗೆ ಹೊಡೆಯುತ್ತದೆ. ಅದರ ಗೊಡವೆ ಬೇಡ.

ನಮ್ಮವರು ಎಡವುವುದು ಹೆಸರಿನಲ್ಲಿ. ಇನಿಷಿಯಲ್ ಬಿಡಿಸಿ ಬರೆದ ಅಪ್ಪನ ಹೆಸರು, ಊರಿನ ಹೆಸರು ಒಂದು ಕಡೆ ಕೊನೆಗೆ, ಇನ್ನೊಂದು ಕಡೆ ನಡುವೆ ಕೂತಿದ್ದರೆ ಗುರುತಿನ ಪರಿಶೀಲನೆ ಮುಗ್ಗರಿಸಬಹುದು. ಮೊದಲು ಬ್ಯಾಂಕಿನಲ್ಲಿರುವ ಹೆಸರನ್ನು ಎಸ್ಎಸ್ಎನ್ ಕಾರ್ಡಿಗೆ ಹೊಂದಿಸಿಕೊಳ್ಳಿ. ಹೊಸದಾಗಿ ಬಂದವರಿಗೆ ಕ್ರೆಡಿಟ್ ಇತಿಹಾಸವೇ ಇಲ್ಲದೆ ಆನ್‌ಲೈನ್ ಅರ್ಜಿ ನಿಂತುಹೋದರೆ, ಗುರುತಿನ ಮತ್ತು ವಿಳಾಸದ ದಾಖಲೆಗಳ ನಕಲು ಪ್ರತಿ ಲಗತ್ತಿಸಿ ಅಂಚೆಯಲ್ಲಿ ಕಳಿಸಿ. ಮೂಲ ಪ್ರತಿ ಬೇಡವೇ ಬೇಡ. 16 ತುಂಬದ ಮಕ್ಕಳ ಪರವಾಗಿ ಹೆತ್ತವರೂ ಹೀಗೆಯೇ ಕೋರಬಹುದು.

ಆನ್‌ಲೈನ್ ಅಥವಾ ಫೋನ್ ಮೂಲಕ ಕೇಳಿದರೆ ಒಂದು ಕೆಲಸದ ದಿನದೊಳಗೆ ಫ್ರೀಜ್ ಆಗಬೇಕು, ತೆಗೆಯಲು ಕೇಳಿದರೆ ಒಂದು ಗಂಟೆಯೊಳಗೆ ತೆಗೆಯಬೇಕು. ಅಂಚೆಯಲ್ಲಿ ಕೇಳಿದರೆ, ಪತ್ರ ಬ್ಯೂರೋಗೆ ತಲುಪಿದ ಮೇಲೆ ಎರಡಕ್ಕೂ ಮೂರು ಕೆಲಸದ ದಿನ. ಕಾರು ಸಾಲಕ್ಕೆ ಹೋಗುವ ಮುನ್ನ ಸಾಲ ಕೊಡುವವರು ಯಾವ ಬ್ಯೂರೋದ ವರದಿ ನೋಡುತ್ತಾರೆಂದು ಕೇಳಿ, ಅಲ್ಲಿ ಮಾತ್ರ ಕೆಲವು ದಿನಕ್ಕೆ ಸಡಿಲಿಸಿ.

ಫ್ರೀಜ್ ಮಾಡಿದರೆ ನಿಮ್ಮ ಕ್ರೆಡಿಟ್ ಸ್ಕೋರ್‌ಗೆ ಧಕ್ಕೆಯಿಲ್ಲ. ಆದರೆ ಈಗಾಗಲೇ ಇರುವ ಕಾರ್ಡಿನ ದುರ್ಬಳಕೆಯನ್ನು ಇದು ತಡೆಯದು. ಸ್ಟೇಟ್‌ಮೆಂಟ್ ನೋಡುತ್ತಲೇ ಇರಬೇಕು.