ಜರ್ಮನಿಗೆ ದುಡಿಯಲು ಬರುವ ಕನ್ನಡಿಗರೇ, ಮೊದಲು ವಿಳಾಸ

ಜರ್ಮನಿಯಲ್ಲಿ ಕೆಲಸ ಸಿಕ್ಕಿ, ವೀಸಾ ಕೈಗೆ ಬಂದು, ಹೊರಡಲು ಸಿದ್ಧರಾದವರು ನಮ್ಮನ್ನು ಕೇಳುವುದು ಸಂಬಳದ ಬಗ್ಗೆ, ಇಲ್ಲವೇ ಚಳಿಯ ಬಗ್ಗೆ. ಕೇಳಬೇಕಾದದ್ದು ವಿಳಾಸದ ಬಗ್ಗೆ. ಇಲ್ಲಿ ನಿಮ್ಮ ಹೆಸರಿನಲ್ಲಿ ನೋಂದಾಯಿತ ವಿಳಾಸ ಇಲ್ಲದಿದ್ದರೆ ತೆರಿಗೆ ಸಂಖ್ಯೆ ಬರುವುದಿಲ್ಲ, ಹಲವು ಬ್ಯಾಂಕುಗಳು ಖಾತೆ ತೆರೆಯುವುದಿಲ್ಲ, ವಾಸದ ಪರವಾನಗಿಯ ಅರ್ಜಿ ಮುಂದೆ ಸರಿಯುವುದಿಲ್ಲ. ಹೊಸಬರ ಮೊದಲ ತಿಂಗಳುಗಳ ಪರದಾಟದಲ್ಲಿ ಹೆಚ್ಚಿನ ಪಾಲು ಹುಟ್ಟುವುದು ಇಲ್ಲಿಂದಲೇ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಪರದೇಶದಲ್ಲಿದ್ದೇವೆ ಎಂಬ ಅಳುಕಿನಿಂದ ನಮ್ಮವರು ಬೇಡದ ಕಡೆಯೂ ತಲೆ ತಗ್ಗಿಸುತ್ತಾರೆ. ಮನೆ ಮಾಲೀಕರು ಹೇಳಿದ್ದಕ್ಕೂ ಹೂಂ, ಕಂಪನಿ ಹೇಳಿದ್ದಕ್ಕೂ ಹೂಂ. ಈ ದೇಶದ ಕಾನೂನು ಬಾಡಿಗೆದಾರರಿಗೂ ನೌಕರರಿಗೂ ಕೊಟ್ಟಿರುವ ರಕ್ಷಣೆ ದೊಡ್ಡದು. ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಅದು ನೋಡುವುದಿಲ್ಲ. ಆದರೆ ಕಾಗದ ಸರಿಯಾಗಿರಬೇಕು, ಗಡುವಿನೊಳಗೆ ಕೇಳಿರಬೇಕು. ಈ ಎರಡನ್ನು ಪಾಲಿಸಿದವರಿಗೆ ಇಲ್ಲಿ ಯಾರ ಶಿಫಾರಸೂ ಬೇಕಾಗುವುದಿಲ್ಲ.

ಊರು ಬಿಡುವ ಮೊದಲು ನಿಮ್ಮ ಹೆಸರನ್ನೇ ಒಮ್ಮೆ ಪರಿಶೀಲಿಸಿ. ನಮ್ಮಲ್ಲಿ ಹಲವರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇರುತ್ತದೆ. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಅಂಕಪಟ್ಟಿಯಲ್ಲಿ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕಿನಲ್ಲಿ ಪೂರ್ತಿ ಬಿಡಿಸಿ. ಇಲ್ಲಿನ ಯಾವ ಅರ್ಜಿ ನಮೂನೆಯೂ ಕುಟುಂಬದ ಹೆಸರಿನ ಜಾಗವನ್ನು ಖಾಲಿ ಬಿಡಲು ಒಪ್ಪುವುದಿಲ್ಲ. ಸಮಯವಿದ್ದರೆ ಹೊರಡುವ ಮೊದಲೇ ಪಾಸ್‌ಪೋರ್ಟ್ ತಿದ್ದಿಸಿಕೊಳ್ಳಿ. ಆಗದಿದ್ದರೆ ಮೊದಲ ಕಚೇರಿಯಲ್ಲಿ ಹೆಸರು ಹೇಗೆ ದಾಖಲಾಯಿತೋ ಅದೇ ರೂಪವನ್ನು ಬಾಡಿಗೆ ಕರಾರು, ಬ್ಯಾಂಕು, ವಿಮೆ ಎಲ್ಲದರಲ್ಲೂ ಅಕ್ಷರ ತಪ್ಪದೆ ಉಳಿಸಿಕೊಳ್ಳಿ.

ಮದುವೆಯಾದವರು ಉಪನೋಂದಣಾಧಿಕಾರಿ ಕಚೇರಿಯ ವಿವಾಹ ಪ್ರಮಾಣಪತ್ರವನ್ನು ಈಗಲೇ ಪಡೆಯಬೇಕು. ಕಲ್ಯಾಣ ಮಂಟಪದಲ್ಲಿ ಸಾವಿರ ಜನರ ಮುಂದೆ ಧಾರೆ ಎರೆದಿದ್ದರೂ ಆ ಹಾಳೆ ಇಲ್ಲದೆ ಸಂಗಾತಿಯ ವೀಸಾ ಆಗುವುದಿಲ್ಲ. ಮಕ್ಕಳ ಜನನ ಪ್ರಮಾಣಪತ್ರ, ಪದವಿ ಪತ್ರಗಳ ಮೂಲ ಪ್ರತಿ ಎಲ್ಲವೂ ಕೈಚೀಲದಲ್ಲಿ ಬರಲಿ. ಸೂಟ್‌ಕೇಸಿನಲ್ಲಿ ತುಪ್ಪದ ಡಬ್ಬಿಯಾಗಲಿ, ಧಾರವಾಡ ಪೇಡವಾಗಲಿ ಬೇಡ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವಂತಿಲ್ಲ, ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟದ್ದನ್ನು ವಿಮಾನ ನಿಲ್ದಾಣದ ಕಸದ ಬುಟ್ಟಿಗೆ ಹಾಕುವ ಸಂಕಟ ಯಾರಿಗೂ ಬೇಡ. ಸಾರಿನ ಪುಡಿ, ಚಟ್ನಿ ಪುಡಿ ಧಾರಾಳವಾಗಿ ತನ್ನಿ. ಕುಕ್ಕರ್ ತರುವುದಾದರೆ ಇಂಡಕ್ಷನ್ ಒಲೆಗೆ ಹೊಂದುವಂಥದ್ದಿರಲಿ.

ಇನ್ನು ವಿಳಾಸಕ್ಕೆ ಬರೋಣ. ಮನೆ ಸೇರಿದ ಎರಡು ವಾರದೊಳಗೆ ಊರಿನ ನಾಗರಿಕ ಕಚೇರಿಯಲ್ಲಿ, ಅಂದರೆ ಬ್ಯೂರ್ಗರ್‌ಆಮ್ಟ್‌ನಲ್ಲಿ, ವಾಸದ ನೋಂದಣಿ ಮಾಡಿಸಬೇಕು. ಇದನ್ನು ಎಲ್ಲರೂ ಆನ್‌ಮೆಲ್ಡುಂಗ್ ಎನ್ನುತ್ತಾರೆ. ದೊಡ್ಡ ಊರುಗಳಲ್ಲಿ ಭೇಟಿಯ ಸಮಯ, ಇಲ್ಲಿನ ಮಾತಿನಲ್ಲಿ ತೆರ್ಮೀನ್, ಸಿಗುವುದೇ ಕಷ್ಟ. ಬರುವ ದಿನ ಗೊತ್ತಾದ ಕೂಡಲೇ ಆನ್‌ಲೈನ್‌ನಲ್ಲಿ ಹುಡುಕಲು ತೊಡಗಿ. ರದ್ದಾದ ತೆರ್ಮೀನ್‌ಗಳು ಬೆಳಿಗ್ಗೆ ಬೇಗ ಮತ್ತೆ ಕಾಣಿಸಿಕೊಳ್ಳುವುದುಂಟು. ಪಾಸ್‌ಪೋರ್ಟಿನ ಜೊತೆ ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್. ಬಾಡಿಗೆ ಕರಾರು ತೋರಿಸಿದರೆ ಸಾಲದು. ಈ ಪತ್ರ ಕೊಡುವುದು ಮಾಲೀಕರ ಕಾನೂನುಬದ್ಧ ಕರ್ತವ್ಯ. “ನೋಂದಣಿಗೆ ಅವಕಾಶವಿಲ್ಲ” ಎಂಬ ಷರತ್ತಿನ ಮೇಲೆ ಅಗ್ಗಕ್ಕೆ ಕೊಡುವ ಕೋಣೆ ಹೊಸಬರಿಗೆ ಎಷ್ಟು ಅಗ್ಗವಾದರೂ ದುಬಾರಿಯೇ.

ನಮೂನೆಯಲ್ಲಿ ಧರ್ಮದ ಬಗ್ಗೆ ಪ್ರಶ್ನೆ ಇರುತ್ತದೆ. ಅದನ್ನು ಸುಮ್ಮನೆ ತುಂಬಬೇಡಿ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಎಂದು ಬರೆದವರ ಸಂಬಳದಿಂದ ಚರ್ಚ್ ತೆರಿಗೆ ಕಡಿತವಾಗುತ್ತದೆ. ಅದು ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ ಆದಾಯ ತೆರಿಗೆಯ ಶೇ. 8, ಉಳಿದ ರಾಜ್ಯಗಳಲ್ಲಿ ಶೇ. 9. ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಬಂಧುಗಳು ಇದನ್ನು ತಿಳಿದೇ ಬರೆಯಲಿ. ಹಿಂದೂಗಳಿಗೆ, ಮುಸ್ಲಿಮರಿಗೆ ಈ ತೆರಿಗೆ ಇಲ್ಲ.

ನೋಂದಣಿಯಾದ ಕೆಲವು ವಾರಗಳಲ್ಲಿ 11 ಅಂಕಿಗಳ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅಂಚೆ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಬ್ಯಾಂಕಿನ ಪಿನ್, ವಿಮಾ ಕಾರ್ಡ್, ಸರ್ಕಾರಿ ನೋಟಿಸ್ ಎಲ್ಲವೂ ಇಲ್ಲಿ ಕಾಗದದಲ್ಲೇ ಬರುತ್ತವೆ. ಕಟ್ಟಡದ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ಸಂಖ್ಯೆ ಇರುವುದಿಲ್ಲ. ಅಂಚೆಯವರು ಕೆಳಗಿನ ಸಾಲು ಪೆಟ್ಟಿಗೆಗಳ ಮುಂದೆ ನಿಂತು ಹೆಸರು ಓದಿ ಕಾಗದ ಹಾಕುತ್ತಾರೆ. ನಿಮ್ಮ ಹೆಸರಿನ ಚೀಟಿ ಪೆಟ್ಟಿಗೆಯ ಮೇಲೆ ಇಲ್ಲದಿದ್ದರೆ ಲಕೋಟೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ, ಅದು ನಿಮಗೆ ತಿಳಿಯುವುದೂ ಇಲ್ಲ. ಕೀಲಿಕೈ ಸಿಕ್ಕ ದಿನವೇ ಪೆಟ್ಟಿಗೆಗೂ ಕರೆಗಂಟೆಗೂ ಹೆಸರು ಅಂಟಿಸಿ. ಸ್ನೇಹಿತರ ಮನೆಯಲ್ಲಿದ್ದರೆ ಅವರ ಹೆಸರಿನ ಕೆಳಗೆ ನಿಮ್ಮದೂ ಇರಲಿ. ತೆರಿಗೆ ಸಂಖ್ಯೆ ಸಕಾಲಕ್ಕೆ ಕಂಪನಿಗೆ ತಲುಪದಿದ್ದರೆ ಆರನೇ ವರ್ಗದ, ಅಂದರೆ ಅತಿ ಹೆಚ್ಚಿನ, ತೆರಿಗೆ ಕಡಿತವಾಗಬಹುದು. ಹೆಚ್ಚುವರಿ ಹಣ ಆಮೇಲೆ ಮರಳುತ್ತದೆ, ಆದರೆ ಹೊಸ ಸಂಸಾರ ಹೂಡುವ ಮೊದಲ ತಿಂಗಳಲ್ಲೇ ಕೈ ಖಾಲಿಯಾಗುವುದು ದೊಡ್ಡ ಹೊಡೆತ.

ಮನೆ ಹುಡುಕುವಾಗ ಒಂದು ನಿಯಮವನ್ನು ಮಾತ್ರ ಎಂದೂ ಮುರಿಯಬೇಡಿ: ಕಣ್ಣಾರೆ ನೋಡದ ಮನೆಗೆ ಒಂದು ಯೂರೋ ಕೂಡ ಕಳುಹಿಸಬೇಡಿ. “ನಾನು ಬೇರೆ ದೇಶದಲ್ಲಿದ್ದೇನೆ, ಮುಂಗಡ ಹಾಕಿದರೆ ಕೀಲಿಕೈಯನ್ನು ಕೊರಿಯರ್ ಮಾಡುತ್ತೇನೆ” ಎನ್ನುವವರು ನೂರಕ್ಕೆ ನೂರು ವಂಚಕರು. ಜಾಹೀರಾತಿನ ಬಾಡಿಗೆ ನೋಡುವಾಗ ಕಾಲ್ಟ್‌ಮೀಟೆ ಬರೀ ಮನೆಯದ್ದು, ವಾರ್ಮ್‌ಮೀಟೆ ನಿರ್ವಹಣಾ ವೆಚ್ಚ ಸೇರಿದ್ದು ಎಂಬುದು ನೆನಪಿರಲಿ. ಕರೆಂಟು, ಇಂಟರ್‌ನೆಟ್ ಬಹುಪಾಲು ಅದರಲ್ಲೂ ಸೇರಿರುವುದಿಲ್ಲ. ಮುಂಗಡ ಠೇವಣಿ ಮೂರು ತಿಂಗಳ ಕಾಲ್ಟ್‌ಮೀಟೆಯನ್ನು ಮೀರುವಂತಿಲ್ಲ. ಅದನ್ನು ಮೂರು ಮಾಸಿಕ ಕಂತುಗಳಲ್ಲಿ ಕಟ್ಟುವ ಹಕ್ಕೂ ನಿಮಗಿದೆ. ಇದು ನಾಗರಿಕ ಸಂಹಿತೆಯ 551ನೇ ಕಲಮಿನಲ್ಲೇ ಇದೆ. ಹತ್ತು ತಿಂಗಳ ಅಡ್ವಾನ್ಸ್‌ಗೆ ಒಗ್ಗಿಹೋದ ಬೆಂಗಳೂರಿನವರು ಇಲ್ಲಿ ಯಾರಾದರೂ ಹೆಚ್ಚು ಕೇಳಿದಾಗಲೂ ಕೊಟ್ಟುಬಿಡುತ್ತಾರೆ. ಕೊಡಬೇಕಾಗಿಲ್ಲ.

ಅಡುಗೆಮನೆಯಲ್ಲಿ ಒಲೆ, ಸಿಂಕು, ಕಪಾಟು ಏನೂ ಇಲ್ಲದ ಮನೆಗಳೇ ಇಲ್ಲಿ ಸಾಮಾನ್ಯ, ಬಲ್ಬು ಕೂಡ ಇರದೆ ಛಾವಣಿಯಿಂದ ಬರೀ ವೈರು ನೇತಾಡುತ್ತಿರಬಹುದು. ಮನೆ ಒಪ್ಪಿಸಿಕೊಳ್ಳುವ ದಿನ ಬರೆಯುವ ಹಸ್ತಾಂತರ ಪತ್ರದಲ್ಲಿ ನೆಲದ ಗೀರು, ಗೋಡೆಯ ಕಲೆ, ಮೀಟರುಗಳ ಅಂಕಿ ಎಲ್ಲವನ್ನೂ ಬರೆಸಿ, ಫೋಟೊ ತೆಗೆದಿಡಿ. ಬಿಡುವಾಗ ಠೇವಣಿ ಉಳಿಸುವುದು ಈ ಫೋಟೊಗಳೇ.

ನಮ್ಮ ಅಡುಗೆಯ ಬಗ್ಗೆಯೂ ಒಂದು ಮಾತು. ಚಳಿಗಾಲದಲ್ಲಿ ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿಕೊಂಡು ದಿನವೂ ಅನ್ನ, ಸಾರು ಕುದಿಸಿದರೆ ಆ ಹಬೆಗೆ ಹೋಗಲು ಜಾಗವಿರುವುದಿಲ್ಲ. ತಣ್ಣನೆಯ ಹೊರಗೋಡೆಗೆ ತಾಗಿ ನೀರಾಗುತ್ತದೆ, ಕೆಲವೇ ವಾರಗಳಲ್ಲಿ ಕಪಾಟಿನ ಹಿಂದೆ ಕಪ್ಪು ಬೂಷ್ಟು ಹಬ್ಬುತ್ತದೆ. ಮಕ್ಕಳ ಕೆಮ್ಮಿಗೂ, ಮಾಲೀಕರ ಜೊತೆ ಜಗಳಕ್ಕೂ ಅದು ಕಾರಣ. ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆದು ಗಾಳಿಯಾಡಿಸಿ, ಮುಚ್ಚಿ. ಅರ್ಧ ಓರೆ ಮಾಡಿ ಇಡೀ ದಿನ ಬಿಟ್ಟರೆ ಮನೆಯ ಶಾಖ ಹೋಗುತ್ತದೆಯೇ ಹೊರತು ತೇವ ಹೋಗುವುದಿಲ್ಲ.

ಆರೋಗ್ಯ ವಿಮೆಯ ಆಯ್ಕೆಯಲ್ಲಿ ಆತುರ ಪಡಬಾರದು. ಶಾಸನಬದ್ಧ ವಿಮೆಯಲ್ಲಿ ಸಂಬಳದ ಶೇ. 14.6 ಮೂಲ ವಂತಿಗೆ, ಅದರ ಮೇಲೆ ಆಯಾ ವಿಮಾ ನಿಧಿಯ ಹೆಚ್ಚುವರಿ ವಂತಿಗೆ. ಎರಡರಲ್ಲೂ ಅರ್ಧ ಕಂಪನಿ ಕೊಡುತ್ತದೆ. ಆದಾಯವಿಲ್ಲದ ಸಂಗಾತಿಗೂ ಮಕ್ಕಳಿಗೂ ಬೇರೆ ಹಣ ಕಟ್ಟಬೇಕಿಲ್ಲ. ಸಂಬಳ ನಿಗದಿತ ಮಿತಿ ದಾಟಿದವರು ಖಾಸಗಿ ವಿಮೆಗೆ ಹೋಗಬಹುದು. ಇಪ್ಪತ್ತೆಂಟರ ಒಂಟಿ ಯುವಕನಿಗೆ ಅದರ ಕಂತು ಕಡಿಮೆ ಎನಿಸುತ್ತದೆ, ವೈದ್ಯರ ತೆರ್ಮೀನ್ ಕೂಡ ಬೇಗ ಸಿಗುತ್ತದೆ. ಆದರೆ ಅಲ್ಲಿ ಕಂತು ವಯಸ್ಸು ಮತ್ತು ಆರೋಗ್ಯದ ಲೆಕ್ಕದಲ್ಲಿ ತಲೆಗೊಂದರಂತೆ. ಮದುವೆಯಾಗಿ ಎರಡು ಮಕ್ಕಳಾದಾಗ ನಾಲ್ಕು ಕಂತು. ಶಾಸನಬದ್ಧ ವಿಮೆಗೆ ಮರಳುವ ದಾರಿ ಕಿರಿದು, 55 ದಾಟಿದವರಿಗೆ ಬಹುತೇಕ ಮುಚ್ಚಿದಂತೆಯೇ. ಸಂಸಾರ ಕಟ್ಟುವ ಯೋಚನೆ ಇರುವವರಿಗೆ ನನ್ನ ಸಲಹೆ ಶಾಸನಬದ್ಧ ವಿಮೆಯೇ. ಕಮಿಷನ್ ಪಡೆಯುವ ಏಜೆಂಟರು ಬೇರೆ ಹೇಳಿದರೂ ಸಹಿ ಹಾಕುವ ಮುನ್ನ ಹತ್ತು ವರ್ಷ ಮುಂದಿನ ಲೆಕ್ಕ ಹಾಕಿ. ಪ್ರಾಣಾಪಾಯವಿದ್ದರೆ 112. ರಾತ್ರಿ ಅಥವಾ ವಾರಾಂತ್ಯದಲ್ಲಿ ಮಗುವಿಗೆ ಜ್ವರ ಏರಿದಂಥ ಸಂದರ್ಭಕ್ಕೆ 116117. ಆರೋಗ್ಯವಾಗಿರುವಾಗಲೇ ಹತ್ತಿರದ ಕುಟುಂಬ ವೈದ್ಯರೊಬ್ಬರಲ್ಲಿ ಹೆಸರು ಹಚ್ಚಿಡಿ. ಬೇರೆಯವರಿಗೆ ಆಗುವ ನಷ್ಟವನ್ನು ಭರಿಸುವ ಹೊಣೆಗಾರಿಕೆ ವಿಮೆ ಕಡ್ಡಾಯವಲ್ಲ, ಆದರೂ ಮಾಡಿಸಿ.

ಕೆಲಸದ ಜಾಗದಲ್ಲಿ ಮೊದಲ ಆರು ತಿಂಗಳು ಸಾಮಾನ್ಯವಾಗಿ ಪರೀಕ್ಷಾರ್ಥ ಅವಧಿ. ಆಗ ಎರಡೂ ಕಡೆಯವರು ಎರಡು ವಾರದ ನೋಟಿಸ್ ಕೊಟ್ಟು ಬಿಡಬಹುದು. ಆ ಅವಧಿ ಮುಗಿಯುವವರೆಗೆ ಊರಿನ ಸೈಟು, ಕಾರಿನ ಸಾಲ ಎಂದು ಭಾರ ಹೊರಬೇಡಿ. ಕಾಯಿಲೆಯಾದರೆ ಮೊದಲ ದಿನವೇ ತಿಳಿಸಿ. ಮೂರು ದಿನ ಮೀರಿದರೆ ವೈದ್ಯರ ಪ್ರಮಾಣಪತ್ರ ಬೇಕು, ಕೆಲವು ಕಂಪನಿಗಳು ಮೊದಲ ದಿನದಿಂದಲೇ ಕೇಳುತ್ತವೆ. ಸೇರಿ ನಾಲ್ಕು ವಾರ ಕಳೆದ ಮೇಲೆ ಕಾಯಿಲೆ ಬಿದ್ದವರಿಗೆ ಆರು ವಾರದವರೆಗೆ ಕಂಪನಿಯೇ ಪೂರ್ಣ ಸಂಬಳ ಕೊಡಬೇಕು. ಜ್ವರದಲ್ಲಿ ಮಾತ್ರೆ ನುಂಗಿ ಕಚೇರಿಗೆ ಹೋಗುವುದನ್ನು ಇಲ್ಲಿ ಯಾರೂ ನಿಷ್ಠೆ ಎಂದು ಎಣಿಸುವುದಿಲ್ಲ.

ಕೆಲಸ ಹೋದರೆ ಏನು ಮಾಡಬೇಕು ಎಂಬುದನ್ನು ಎಲ್ಲ ಚೆನ್ನಾಗಿರುವಾಗಲೇ ತಿಳಿದಿರಬೇಕು. ಇಮೇಲ್‌ನಲ್ಲಿ ಅಥವಾ ಬಾಯಿಮಾತಿನಲ್ಲಿ ಕೊಟ್ಟ ವಜಾ ಸಿಂಧುವಲ್ಲ, ಕಾಗದದ ಮೇಲೆ ಸಹಿ ಇರಬೇಕು. ಆ ಕಾಗದ ಕೈಸೇರಿದ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗದಿದ್ದರೆ ಪ್ರಶ್ನಿಸುವ ಹಕ್ಕು ಕೈತಪ್ಪುತ್ತದೆ. ಹಠಾತ್ತಾಗಿ ವಜಾ ಆದಾಗ ಮೂರು ದಿನದೊಳಗೆ ಸರ್ಕಾರಿ ಉದ್ಯೋಗ ಕಚೇರಿಯಲ್ಲಿ ಕೆಲಸ ಹುಡುಕುವವರೆಂದು ಹೆಸರು ಬರೆಸಿ, ಎರಡು ವಾರದೊಳಗೆ ವಿದೇಶಿಯರ ಕಚೇರಿಗೂ ತಿಳಿಸಿ. ಹಿಂದಿನ ಮೂವತ್ತು ತಿಂಗಳಲ್ಲಿ ಹನ್ನೆರಡು ತಿಂಗಳು ವಂತಿಗೆ ಕಟ್ಟಿದವರಿಗೆ ನಿರುದ್ಯೋಗ ಭತ್ಯೆ ಇದೆ: ನಿವ್ವಳ ಸಂಬಳದ ಶೇ. 60, ಮಕ್ಕಳಿದ್ದರೆ ಶೇ. 67. ಅದು ನೀವು ಕಟ್ಟಿದ ವಿಮೆಯ ಹಣ. ಪಡೆಯಲು ನಾಚಿಕೆ ಏಕೆ? “ಈಗಲೇ ಸಹಿ ಹಾಕಿ” ಎಂದು ಪರಸ್ಪರ ಒಪ್ಪಿಗೆಯಿಂದ ಕೆಲಸ ಬಿಡುವ ಒಪ್ಪಂದದ ಪತ್ರ ಮುಂದಿಟ್ಟರೆ ಮನೆಗೆ ಒಯ್ದು ವಕೀಲರಿಗೆ ತೋರಿಸಿ. ಸಹಿ ಹಾಕಿದವರ ಭತ್ಯೆಯನ್ನು ಕೆಲ ಕಾಲ ತಡೆಹಿಡಿಯುವ ಸಾಧ್ಯತೆ ಇದೆ.

ವಾಸದ ಪರವಾನಗಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ, ಹಾಕಿದ ಪುರಾವೆ ಇಟ್ಟುಕೊಳ್ಳಿ. ಸಕಾಲದಲ್ಲಿ ಅರ್ಜಿ ಹಾಕಿದ್ದರೆ ತೀರ್ಮಾನವಾಗುವವರೆಗೆ ಹಳೆಯ ಹಕ್ಕುಗಳೇ ಮುಂದುವರಿಯುತ್ತವೆ. ಅದಕ್ಕೆ ಕೊಡುವ ತಾತ್ಕಾಲಿಕ ಪತ್ರದಲ್ಲಿ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ಎಂದು ನೋಡದೆ ಊರಿಗೆ ಟಿಕೆಟ್ ತೆಗೆಯಬೇಡಿ. ವಾಸ ಕಾಯ್ದೆಯ 81ನೇ ಕಲಮಿನ 4ನೇ ಉಪಕಲಮು ಇದ್ದರೆ ಹೋಗಿ ಮರಳಬಹುದು. 3ನೇ ಉಪಕಲಮು ಇದ್ದರೆ ಅದೊಂದರ ಬಲದ ಮೇಲೆ ಮರಳಿ ಬರಲಾಗುವುದಿಲ್ಲ.

ಉನ್ನತ ಅರ್ಹತೆಯ ನೌಕರರಿಗೆ ಕೊಡುವ ವಾಸದ ಪರವಾನಗಿಯಾದ ಬ್ಲೂ ಕಾರ್ಡ್ ಇರುವವರ ಸಂಗಾತಿ ಬರುವ ಮೊದಲು ಜರ್ಮನ್ ಪರೀಕ್ಷೆ ಪಾಸು ಮಾಡಬೇಕಿಲ್ಲ, ಬಂದ ಮೇಲೆ ಯಾವ ಕೆಲಸಕ್ಕಾದರೂ ಸೇರಬಹುದು. ಆದರೂ ಇಬ್ಬರೂ ಭಾಷಾ ತರಗತಿಗೆ ಸೇರಲೇಬೇಕೆಂದು ಕೈಮುಗಿದು ಕೇಳುತ್ತೇನೆ. ಕಾರ್ಡುದಾರರಿಗೆ ಕಾಯಂ ವಾಸದ ಹಕ್ಕು 27 ತಿಂಗಳಿಗೆ ಸಿಗುತ್ತದೆ, ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಬಂದರೆ 21 ತಿಂಗಳಿಗೇ. ಅದಕ್ಕಿಂತ ಮುಖ್ಯವಾದದ್ದು ಮನೆಯಲ್ಲಿ ಒಂಟಿಯಾಗಿ ಉಳಿಯುವವರ ಪಾಡು. ಒಬ್ಬರು ಕಚೇರಿಗೆ ಹೋದ ಮೇಲೆ, ನವೆಂಬರ್‌ನ ಸಂಜೆ ಐದಕ್ಕೇ ಕತ್ತಲಾದಾಗ, ಭಾಷೆಯಿಲ್ಲದ ಊರಿನಲ್ಲಿ ಕೂತವರ ಮನಸ್ಸು ಕುಗ್ಗಿದ್ದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ತರಗತಿ ಅವರನ್ನು ಮನೆಯಿಂದ ಹೊರಗೆ ಕರೆತರುತ್ತದೆ, ನಾಲ್ಕು ಜನರ ಪರಿಚಯ ಕೊಡುತ್ತದೆ.

ಉಳಿದದ್ದು ಚುಟುಕಾಗಿ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ದಿನಸಿ ಶನಿವಾರವೇ ತನ್ನಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಿಕ್ಸಿ ಬೇಡ. ರೇಡಿಯೊ, ಟಿವಿ ಶುಲ್ಕ ತಿಂಗಳಿಗೆ 18.36 ಯೂರೋ ಎಂದು 2021ರಲ್ಲಿ ನಿಗದಿಯಾಯಿತು. ಟಿವಿ ಇಲ್ಲದ ಮನೆಯೂ ಕಟ್ಟಬೇಕು, ಆದರೆ ಮನೆಗೆ ಒಂದೇ ಶುಲ್ಕ. ಭಾರತದ ಚಾಲನಾ ಪರವಾನಗಿ ಆರು ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆ ಎರಡೂ ಕಡ್ಡಾಯ.

ಊರಿನ ಕಡೆಯ ಕೆಲಸಗಳನ್ನೂ ಬಾಕಿ ಇಡಬೇಡಿ. ಅಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿಗಳಿಗಾಗಿ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿ. ಭಾರತ ಮತ್ತು ಜರ್ಮನಿಯ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಎರಡೂ ದೇಶಗಳಲ್ಲಿ ವಂತಿಗೆ ಕಟ್ಟಿದ ಅವಧಿಗಳನ್ನು ಪಿಂಚಣಿಗೆ ಕೂಡಿಸಿ ನೋಡುತ್ತಾರೆ, ಆದ್ದರಿಂದ ಭವಿಷ್ಯ ನಿಧಿಯ ದಾಖಲೆಗಳನ್ನು ಎಸೆಯಬೇಡಿ. ಮಗು ಇಲ್ಲೇ ಹುಟ್ಟಿ ಭಾರತೀಯ ಪೌರತ್ವ ಪಡೆಯಬೇಕಾದರೆ ಒಂದು ವರ್ಷದೊಳಗೆ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಾಯಿಸಿ. ಬರ್ಲಿನ್‌ನಲ್ಲಿ ರಾಯಭಾರ ಕಚೇರಿ, ಫ್ರಾಂಕ್‌ಫರ್ಟ್, ಹ್ಯಾಂಬರ್ಗ್, ಮ್ಯೂನಿಕ್‌ಗಳಲ್ಲಿ ಕಾನ್ಸುಲೇಟ್‌ಗಳಿವೆ. ನಿಮ್ಮ ರಾಜ್ಯ ಯಾವುದರ ವ್ಯಾಪ್ತಿಗೆ ಸೇರುತ್ತದೆಯೋ ಅಲ್ಲಿಗೇ ಹೋಗಬೇಕು. ವಾಸದ ಕಾರ್ಡಿನ ಅವಧಿ ಪಾಸ್‌ಪೋರ್ಟಿನ ಅವಧಿಯನ್ನು ಮೀರುವುದಿಲ್ಲ. ಹಾಗಾಗಿ ಪಾಸ್‌ಪೋರ್ಟಿನಲ್ಲಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಅದನ್ನು ಮೊದಲು ನವೀಕರಿಸಿ, ಕಾರ್ಡಿಗೆ ಆಮೇಲೆ ಅರ್ಜಿ ಹಾಕಿ.