ಕ್ವಿಲ್ಟಿಂಗ್ ಮಷಿನ್ ಕೊಟ್ಟ ಆಂಟಿಗೆ ನಾನು ಥ್ಯಾಂಕ್ಸ್ ಹೇಳಿದ ಬಗೆ

ನಮ್ಮ ಮೇಲಿನ ಮನೆ ಆಂಟಿ ಬಟ್ಟೆ ಪದರಗಳನ್ನು ಸೇರಿಸಿ ಹೊಲಿಯುವ ತಮ್ಮ ಕ್ವಿಲ್ಟಿಂಗ್ ಮಷಿನ್ ನನಗೆ ಕೊಟ್ಟುಬಿಟ್ಟರು. ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದಾಗ ಕೊಂಡು, ಬೆಂಗಳೂರಿಗೆ ಬರುವಾಗ ಜತೆಗೇ ತಂದಿದ್ದು. ಮಾರಿದ್ದರೆ ಒಳ್ಳೇ ದುಡ್ಡು ಬರುತ್ತಿತ್ತು. ಭುಜದ ನೋವು ಜಾಸ್ತಿಯಾಗಿ ಅವರು ಹೊಲಿಯೋದು ನಿಲ್ಲಿಸಿದ್ದರು. "ಸುಮ್ನೆ ಇಟ್ಟರೆ ಮಷಿನ್ ಹಾಳಾಗುತ್ತೆ ಕಣಮ್ಮ. ನೀನು ಹೊಲೀತೀಯಲ್ಲ, ತಗೊಂಡು ಹೋಗು" ಅಂದರು. ದುಡ್ಡಿನ ಮಾತೆತ್ತಿದ್ದಕ್ಕೆ ಬೇಜಾರು ಮಾಡಿಕೊಂಡರು.

ಬದಲಿಗೆ ಏನು ಕೊಡೋದು? ಸೀರೆ, ಬೆಳ್ಳಿ ಬಟ್ಟಲು ಅಂತ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಆದರೆ ಅವರಿಗೆ ಬೇಕಿದ್ದದ್ದು ಮಷಿನ್ ಓಡೋದು, ಅಲ್ವಾ? ಹಾಗಾಗಿ ಮೊದಲು ಅದನ್ನೇ ನೋಡಿದೆ.

ಅದು 120 ವೋಲ್ಟಿನ ಮಷಿನ್. ನಮ್ಮ 230 ವೋಲ್ಟಿಗೆ ನೇರ ಹಾಕಿದರೆ ಮೋಟಾರ್ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಆಂಟಿಯ ಹಳೇ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತಿತ್ತು. ಮಷಿನ್ ಮೇಲೆ ಬರೆದಿದ್ದ ವಾಟ್ಸ್ ಗುರುತು ಹಾಕಿಕೊಂಡು, ಅದಕ್ಕಿಂತ ಸಾಕಷ್ಟು ಜಾಸ್ತಿ ತಾಳುವಂಥದ್ದನ್ನು ಎಸ್.ಪಿ. ರೋಡಿನಲ್ಲಿ ತಂದೆ. ಆಮೇಲೆ ಸೂಜಿ ಕೆಳಗಿನ ತಗಡು ಬಿಚ್ಚಿ, ಬಟ್ಟೆ ತಳ್ಳುವ ಹಲ್ಲುಗಳ ಮಧ್ಯೆ ಕೂತಿದ್ದ ಹತ್ತಿಧೂಳನ್ನು ಬ್ರಷ್‌ನಿಂದ ತೆಗೆದೆ. ಬಾಯಲ್ಲಿ ಊದಬಾರದು, ಧೂಳು ಇನ್ನೂ ಒಳಗೆ ಹೋಗುತ್ತದೆ. ಎಣ್ಣೆ ಬಿಟ್ಟು, 14 ನಂಬರಿನ ಹೊಸ ಸೂಜಿ ಹಾಕಿದೆ.

ಮೊದಲು ಹೊಲಿದ ತುಂಡನ್ನು ಹಾಗೇ ಮೇಲೆ ಒಯ್ದು ತೋರಿಸಿದೆ. ಆಂಟಿ ಕನ್ನಡಕ ಹಾಕಿಕೊಂಡು ಹೊಲಿಗೆ ಮೇಲೆ ಉಗುರು ಆಡಿಸಿದರು. "ಕೆಳಗಿನ ದಾರ ಮೇಲೆ ಚುಕ್ಕಿ ಚುಕ್ಕಿಯಾಗಿ ಕಾಣ್ತಿದೆ ನೋಡು. ಮೇಲಿನ ದಾರದ ಟೆನ್ಷನ್ ಸ್ವಲ್ಪ ಇಳಿಸು" ಅಂದರು. ಆ ಹುರುಪಿನ ದನಿ ಕೇಳಿದ ಮೇಲೆ ಬೆಳ್ಳಿ ಬಟ್ಟಲಿನ ವಿಚಾರ ಪೂರ್ತಿ ಬಿಟ್ಟೆ.

ಅವರ ಹಳೇ ಕಾಟನ್ ಸೀರೆಗಳನ್ನು ಕೇಳಿ ಪಡೆದು, ಅವರಿಗೇ ಒಂದು ಕೌದಿ, ಅಂದರೆ ಹಳೇ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿದ ಹೊದಿಕೆ, ಹೊಲಿದೆ. ನಾನು ಹುಬ್ಬಳ್ಳಿ ಕಡೆಯವಳು, ನಮ್ಮಲ್ಲಿ ಕೌದಿ ಅಂದರೆ ಕೈಹೊಲಿಗೆ. ಮಷಿನ್‌ನಲ್ಲಿ ಸೀರೆ ಪದರಗಳು ಒಂದರ ಮೇಲೊಂದು ಜಾರಿ ಮುದುರುತ್ತವೆ. ಅದಕ್ಕೆ ವಾಕಿಂಗ್ ಫುಟ್ ಬೇಕೇ ಬೇಕು. ಕೆಳಗಿನ ಹಲ್ಲು ಬಟ್ಟೆ ತಳ್ಳುವಾಗಲೇ ಇದು ಮೇಲಿನ ಪದರವನ್ನೂ ಹಿಡಿದು ಜತೆಗೇ ಸರಿಸುತ್ತದೆ. ಆಂಟಿ ಕೊಟ್ಟ ಡಬ್ಬದಲ್ಲೇ ಅದು ಇತ್ತು, ಬಾಬಿನ್‌ಗಳ ಕೆಳಗೆ, ಹಳೇ ಕರ್ಚೀಫಿನಲ್ಲಿ ಸುತ್ತಿಟ್ಟು. ಎಷ್ಟು ಜೋಪಾನ ಮಾಡಿದ್ದರು ಅಂತ ಅದನ್ನು ಬಿಚ್ಚಿದಾಗ ಗೊತ್ತಾಯಿತು. ಮೂಲೆಗಳನ್ನು ಮಾತ್ರ ಕೈಯಲ್ಲೇ ಮಾಡಿದೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕೌದಿಯ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ತ್ರಿಕೋನದ 'ಫೂಲ' ಇಡುತ್ತಾರೆ. ಅದಿಲ್ಲದೆ ಕೌದಿ ಮುಗಿದ ಹಾಗೆ ಅಲ್ಲ. ನಾನೂ ಇಟ್ಟೆ.

ಅರಿಶಿನ ಕುಂಕುಮ, ಎಲೆ ಅಡಿಕೆ, ಬಾಳೆಹಣ್ಣಿನ ಜತೆ ಕೌದಿ ಕೊಟ್ಟೆ. ಒಂದು ಕಾಗದವನ್ನೂ ಬರೆದಿದ್ದೆ. ಬರೀ 'ತುಂಬಾ ಧನ್ಯವಾದ' ಅಂತ ಬರೆಯಲಿಲ್ಲ. ಮಷಿನ್ ಎಲ್ಲಿ ಇಟ್ಟಿದ್ದೇನೆ, ಏನೇನು ಹೊಲಿದೆ, ಯಾವ ಸೀರೆ ಕೌದಿಯಲ್ಲಿ ಎಲ್ಲಿದೆ, ಅವರ ಯಾವ ಮಾತಿನಿಂದ ಹೊಲಿಗೆ ಸರಿಹೋಯಿತು ಅಂತೆಲ್ಲ ಬರೆದೆ. ಹಳೇ ಮಷಿನ್ ಕೊಟ್ಟವರಿಗೆ ಅದು ಹೇಗಿದೆ ಅನ್ನೋ ಸುದ್ದಿ ಬೇಕಿರುತ್ತದೆ. ಕೊನೆಗೆ ಒಂದು ಬೇಡಿಕೆಯನ್ನೂ ಇಟ್ಟೆ: ಬೇಕಾದ ಕಡೆಗೆ ಬಟ್ಟೆ ಸರಿಸಿ ಹೊಲಿಯುವ ಫ್ರೀ ಮೋಷನ್ ನನಗೆ ಬರೋದಿಲ್ಲ, ದಯವಿಟ್ಟು ಕಲಿಸಿ.

ಈಗ ಶನಿವಾರ ಮಧ್ಯಾಹ್ನ ಕೆಳಗೆ ಬರುತ್ತಾರೆ. ಹಲ್ಲುಗಳನ್ನು ಕೆಳಗಿಳಿಸಿ, ಬಟ್ಟೆಯನ್ನು ಕೈಯಲ್ಲೇ ತಿರುಗಿಸುತ್ತಾ ಬಳ್ಳಿ ಬಿಡಿಸೋದನ್ನು ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದಾರೆ. ಮುಂದಿನ ಕೌದಿ ಅವರ ಮೊಮ್ಮಗಳಿಗೆ. ಬಣ್ಣ ಅವರೇ ಆರಿಸಿದ್ದಾರೆ, ಬಟ್ಟೆಗೆ ಚಿಕ್ಕಪೇಟೆಗೆ ಹೋಗಬೇಕು.