ಹಳೆಯ ಅಂಬಾಸಿಡರ್‌ಗೆ ಸರಿಹೊಂದುವ ಎಕ್ಸಾಸ್ಟ್ ಹೆಡರ್ ಆರಿಸುವುದು ಹೇಗೆ?

ಹಾಸನ, ಸಕಲೇಶಪುರ, ಚಿಕ್ಕಮಗಳೂರಿನ ಕಡೆ ಹಳೆಯ ಅಂಬಾಸಿಡರ್ ಕಾರನ್ನು ಜೋಪಾನವಾಗಿ ಇಟ್ಟುಕೊಂಡವರು ಇನ್ನೂ ಇದ್ದಾರೆ. ಎಂಜಿನ್ನಿನ ಹೊಗೆಯನ್ನು ಕೂಡಿಸಿ ಸೈಲೆನ್ಸರಿನ ಕಡೆಗೆ ಒಯ್ಯುವ, ದಶಕಗಳ ಶಾಖ ತಿಂದ ಎರಕದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೀಳು ಬಿಟ್ಟಾಗ, ಇಲ್ಲವೇ ಘಟ್ಟ ಹತ್ತುವಾಗ ಎಂಜಿನ್ ಏದುಸಿರು ಬಿಡದಿರಲಿ ಎನಿಸಿದಾಗ, ಅದರ ಬದಲು ಪೈಪುಗಳನ್ನು ಬೆಸೆದು ಮಾಡಿದ ಹೆಡರ್ ಹಾಕಿಸುವ ಆಲೋಚನೆ ಬರುತ್ತದೆ. ಆಗ ಬಹುತೇಕರು ಮೊಬೈಲಿನಲ್ಲಿ ಚಿತ್ರ ನೋಡಿ, ‘ಅಂಬಾಸಿಡರ್‌ಗೆ ಆಗುತ್ತದೆ’ ಎಂಬ ಒಂದು ಮಾತನ್ನು ನಂಬಿ ಹಣ ಕಳುಹಿಸಿಬಿಡುತ್ತಾರೆ. ಬಂದ ಹೆಡರ್ ಕೂರದೆ ಹೋದಾಗ ಎಂಜಿನ್ನಿಗೆ ಕೂರುವ ಚಪ್ಪಟೆ ಲೋಹದ ಪಟ್ಟಿಯ, ಅಂದರೆ ಫ್ಲೇಂಜಿನ, ತೂತುಗಳನ್ನು ಅರದಿಂದ ಉಜ್ಜಿ ಅಗಲಿಸಿ, ಪೈಪನ್ನು ಕಾಯಿಸಿ ಬಡಿದು, ಕೊನೆಗೆ ಸಂದಿಗಳಿಗೆ ಸೀಲೆಂಟ್ ಮೆತ್ತುವುದನ್ನು ಗ್ಯಾರೇಜುಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಹೆಡರ್ ಹೊಂದುವುದೋ ಇಲ್ಲವೋ ಎಂಬುದು ಕಾರಿನ ಹೆಸರಿನಿಂದ ತೀರ್ಮಾನವಾಗುವುದಿಲ್ಲ. ಅದು ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡಿನಲ್ಲಿ ಹೆಡರ್ ಕೂರುವ ಮುಖದ ಮೇಲೆ ನಿಂತಿದೆ.

ಮೊದಲು ನಿಮ್ಮ ಕಾರಿನಲ್ಲಿರುವ ಎಂಜಿನ್ ಯಾವುದೆಂದು ಖಚಿತಪಡಿಸಿಕೊಳ್ಳಿ. ಆರ್‌ಸಿ ಪುಸ್ತಕದಲ್ಲಿ ಅಂಬಾಸಿಡರ್ ಎಂದಿದ್ದರೆ ಸಾಲದು. ಬ್ರಿಟನ್ನಿನ ಬಿಎಂಸಿ ಕಂಪನಿಯ 1489 ಸಿಸಿಯ ಬಿ-ಸೀರೀಸ್ ಪೆಟ್ರೋಲ್ ಎಂಜಿನ್, ಅದೇ ಕುಟುಂಬದ ಡೀಸೆಲ್, 1990ರ ದಶಕದಲ್ಲಿ ಬಂದ ಇಸುಜು 1.8 ಲೀಟರ್ ಎಂಜಿನ್, ಇವೆಲ್ಲವೂ ಒಂದೇ ಹೆಸರಿನ ಕಾರಿನೊಳಗೆ ಕುಳಿತಿವೆ. ಇವುಗಳ ನಡುವೆ ಎಂಜಿನ್ ಬದಲಾಯಿಸಿಕೊಂಡ ಕಾರುಗಳೂ ಉಂಟು. ಆದ್ದರಿಂದ ಬಾನೆಟ್ ಎತ್ತಿ, ಎಂಜಿನ್ ನಂಬರನ್ನು ಒರೆಸಿ ಓದಿ, ಆರ್‌ಸಿಯೊಂದಿಗೆ ತಾಳೆ ನೋಡಿ. ಮುಂದೆ ಹೇಳುವುದೆಲ್ಲ 1489 ಸಿಸಿಯ ಪೆಟ್ರೋಲ್ ಎಂಜಿನ್ನಿಗೆ ಸಂಬಂಧಿಸಿದ್ದು.

ಈ ಎಂಜಿನ್ನಿಗೆ ನಾಲ್ಕು ಸಿಲಿಂಡರ್‌ಗಳಿದ್ದರೂ ಹೆಡ್ಡಿನಲ್ಲಿ ಎಕ್ಸಾಸ್ಟ್ ಬಾಯಿಗಳಿರುವುದು ಮೂರೇ. ನಡುವಿನ ಎರಡು ಮತ್ತು ಮೂರನೆಯ ಸಿಲಿಂಡರ್‌ಗಳು ಒಂದೇ ಬಾಯಿಯಿಂದ ಹೊಗೆ ಬಿಡುತ್ತವೆ. ಸಿಲಿಂಡರ್‌ಗಳಲ್ಲಿ ಇಂಧನ ಉರಿಯುವ ಕ್ರಮ 1-3-4-2 ಆಗಿರುವುದರಿಂದ ಎರಡು ಮತ್ತು ಮೂರರ ನಡುವೆ ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕಿನ ಒಂದು ಪೂರ್ತಿ ಸುತ್ತಿನ ಅಂತರವಿರುತ್ತದೆ. ಒಂದು ಮತ್ತು ನಾಲ್ಕರ ನಡುವೆಯೂ ಅಷ್ಟೇ; ಜೋಡಿಯೊಳಗಿನ ಹೊಗೆ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಹಾಗಾಗಿ ಹೊರಗಿನ ಎರಡು ಪೈಪುಗಳು ಮೊದಲು ಕೂಡಿಕೊಂಡು, ನಡುವಿನ ಪೈಪು ಉದ್ದವಾಗಿ ಇಳಿದು ಕೆಳಗೆ ಬಂದು ಸೇರುವ ಮಾದರಿಯೇ ಇದಕ್ಕೆ ಉತ್ತಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಎಂಜಿನ್ನಿಗೆಂದು ನಾಲ್ಕು ಪೈಪಿನ ಹೆಡರ್ ತೋರಿಸುವ ಅಂಗಡಿಯಿಂದ ಎದ್ದು ಬನ್ನಿ. ಬ್ರಿಟನ್ನಿನ ಎಂಜಿಎ, ಎಂಜಿಬಿ ಕಾರುಗಳಲ್ಲಿದ್ದದ್ದೂ ಇದೇ ಬಿ-ಸೀರೀಸ್ ಕುಟುಂಬದ ಎಂಜಿನ್ ಆದ್ದರಿಂದ ಅವುಗಳಿಗೆಂದು ಮಾಡಿದ ಹೆಡರ್‌ಗಳನ್ನೂ ಪರಿಶೀಲಿಸಬಹುದು. ಆದರೆ 1798 ಸಿಸಿಯ ಎಂಜಿಬಿಯ ಪೈಪುಗಳು ಆ ಕಾರಿನ ತಳಕ್ಕೆ ತಕ್ಕಂತೆ ಬಾಗಿರುತ್ತವೆ. ಫ್ಲೇಂಜ್ ಕೂತಿತೆಂದ ಮಾತ್ರಕ್ಕೆ ಪೈಪು ನಮ್ಮ ಕಾರಿನೊಳಗೆ ಇಳಿಯುತ್ತದೆ ಎಂದುಕೊಳ್ಳಬಾರದು.

ಹಳೆಯ ಮ್ಯಾನಿಫೋಲ್ಡ್ ಬಿಚ್ಚುವುದು ಕಷ್ಟದ ಕೆಲಸವಲ್ಲ. ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಅವಸರಪಡದೆ ತಿರುಗಿಸಿದರೆ ಸಾಕು.

ಕೆಲಸ ಕೆಡುವುದು ಇದರ ನಂತರ, ಅಳತೆ ತೆಗೆಯುವಾಗ. ಸೋರದಂತೆ ಸಂದಿಯಲ್ಲಿಡಲು ಅಂಗಡಿಯಲ್ಲಿ ಸಿಗುವ ಪ್ಯಾಕಿಂಗನ್ನೇ (ಗ್ಯಾಸ್ಕೆಟ್) ಅಳತೆಯೆಂದು ಕಳುಹಿಸಬೇಡಿ. ಪ್ಯಾಕಿಂಗಿನ ತೂತುಗಳನ್ನು ಬೇಕೆಂದೇ ಸಡಿಲವಾಗಿ ಕತ್ತರಿಸಿರುತ್ತಾರೆ. ಹೆಡ್ಡಿನ ಮುಖವನ್ನು ಕೆರೆದು ಶುಚಿ ಮಾಡಿ, ದಪ್ಪ ರಟ್ಟೊಂದನ್ನು ಹೆಡ್ಡಿನಿಂದ ಹೊರಚಾಚಿದ ತಿರುಪಿನ ಕಡ್ಡಿಗಳ, ಅಂದರೆ ಸ್ಟಡ್‌ಗಳ ಮೇಲೆ ಕೂರಿಸಿ, ಗ್ರೀಸ್ ಹಚ್ಚಿದ ಬೆರಳಿನಿಂದ ಪ್ರತಿಯೊಂದು ಬಾಯಿಯ ಅಂಚನ್ನೂ ಒತ್ತುತ್ತ ಹೋದರೆ ಬಾಯಿಯ ಆಕಾರ ರಟ್ಟಿನ ಮೇಲೆ ಕಪ್ಪಾಗಿ ಮೂಡುತ್ತದೆ. ಅದನ್ನು ಕತ್ತರಿಸಿ ತೆಗೆದು, ಯಾವುದು ಮೇಲ್ಭಾಗ, ಯಾವುದು ರೇಡಿಯೇಟರ್ ಕಡೆ ಎಂದು ಅಲ್ಲೇ ಬರೆದಿಡಿ. ಸ್ಟಡ್‌ನಿಂದ ಸ್ಟಡ್‌ಗಿರುವ ಮಧ್ಯದ ಅಂತರವನ್ನೂ ಬಾಯಿಗಳ ಅಗಲ, ಎತ್ತರವನ್ನೂ ವರ್ನಿಯರ್‌ನಲ್ಲಿ ಅಳೆದು ಮಿಲಿಮೀಟರಿನಲ್ಲಿ ದಾಖಲಿಸಿ. ಫ್ಲೇಂಜಿನ ರಂಧ್ರ ಹೆಡ್ಡಿನ ಬಾಯಿಗಿಂತ ತುಸು ದೊಡ್ಡದಿದ್ದರೆ ತೊಂದರೆಯಿಲ್ಲ; ಚಿಕ್ಕದಿದ್ದರೆ ಅಲ್ಲಿ ಮೆಟ್ಟಿಲಿನಂತಹ ಅಂಚು ಉಳಿದು, ಬಿಸಿ ಹೊಗೆ ಅದಕ್ಕೇ ಬಡಿಯುತ್ತದೆ.

ಇನ್ನೂ ಮುಖ್ಯವಾದದ್ದು ಫ್ಲೇಂಜಿನ ದಪ್ಪ. ಬಿ-ಸೀರೀಸ್ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒಳತರುವ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡೂ ಹೆಡ್ಡಿನ ಒಂದೇ ಬದಿಯಲ್ಲಿವೆ. ಕೆಲವು ಸ್ಟಡ್‌ಗಳ ಮೇಲೆ ಒಂದೇ ದಪ್ಪನೆಯ ದೊಡ್ಡ ವಾಷರ್ ಅರ್ಧಭಾಗದಿಂದ ಇನ್‌ಟೇಕನ್ನೂ ಇನ್ನರ್ಧದಿಂದ ಎಕ್ಸಾಸ್ಟನ್ನೂ ಒತ್ತಿ ಹಿಡಿಯುತ್ತದೆ. ಹೊಸ ಹೆಡರಿನ ಫ್ಲೇಂಜ್ ಇನ್‌ಟೇಕ್ ಫ್ಲೇಂಜಿಗಿಂತ ಒಂದು ಮಿಲಿಮೀಟರ್ ತೆಳ್ಳಗಿದ್ದರೂ ವಾಷರ್ ಓರೆಯಾಗಿ ಕೂತು, ದಪ್ಪಗಿರುವ ಇನ್‌ಟೇಕ್ ಮಾತ್ರ ಬಿಗಿಯಾಗಿ, ಎಕ್ಸಾಸ್ಟ್ ಸಡಿಲವಾಗಿಯೇ ಉಳಿಯುತ್ತದೆ. ನಟ್ಟನ್ನು ಎಷ್ಟು ಬಿಗಿದರೂ ಆ ಸೋರಿಕೆ ನಿಲ್ಲುವುದಿಲ್ಲ. ಪ್ಯಾಕಿಂಗ್ ಸುಟ್ಟುಹೋಗುತ್ತದೆ, ದೂರು ಮಾತ್ರ ಪ್ಯಾಕಿಂಗಿನ ಮೇಲೆ ಬರುತ್ತದೆ. ಆದ್ದರಿಂದ ಇನ್‌ಟೇಕ್ ಫ್ಲೇಂಜಿನ ದಪ್ಪವನ್ನು ಅಳೆದು, ಹೆಡರಿನದೂ ಅಷ್ಟೇ ಇದೆಯೇ ಎಂದು ಮಾರುವವರನ್ನು ಕೇಳಿ. ಫ್ಲೇಂಜಿನ ಮೇಲೆ ಸ್ಕೇಲ್ ಇಟ್ಟು ಫೋಟೊ ಕಳುಹಿಸಲು ಒಪ್ಪದವರಿಂದ ಕೊಳ್ಳಬೇಡಿ. ವ್ಯತ್ಯಾಸ ಸ್ವಲ್ಪವೇ ಇದ್ದರೆ ವಾಷರಿನ ಒಂದು ಅರ್ಧವನ್ನು ತೆಳ್ಳಗೆ ಮಾಡಿಸಬಹುದು; ಆದರೆ ಎರಡು ಸಣ್ಣ ವಾಷರ್‌ಗಳನ್ನು ಪೇರಿಸಿ ಸರಿದೂಗಿಸುವ ಅಡ್ಡದಾರಿ ಬೇಡವೇ ಬೇಡ.

ಅಗ್ಗದ ಹೆಡರ್‌ಗಳಲ್ಲಿ ಫ್ಲೇಂಜ್ ವೆಲ್ಡಿಂಗಿನ ಶಾಖಕ್ಕೆ ಸೊಟ್ಟಗಾಗಿರುವುದು ಸಾಮಾನ್ಯ. ಉಕ್ಕಿನ ಸ್ಕೇಲನ್ನು ಮೂರೂ ಬಾಯಿಗಳ ಮೇಲೆ ಅಡ್ಡಲಾಗಿ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿ. ಅಡಿಯಲ್ಲಿ 0.2 ಮಿಲಿಮೀಟರಿನ ಫೀಲರ್ (ಸಂದಿ ಅಳೆಯುವ ತೆಳು ಉಕ್ಕಿನ ಪಟ್ಟಿ) ತೂರಿದರೆ ಮೆಷಿನ್ ಶಾಪಿನಲ್ಲಿ ಮುಖ ಮಟ್ಟ ಮಾಡಿಸಿ, ಆಮೇಲೆ ದಪ್ಪವನ್ನು ಮತ್ತೊಮ್ಮೆ ಅಳೆಯಿರಿ.

ಪ್ಯಾಕಿಂಗ್ ಇಲ್ಲದೆ ಒಮ್ಮೆ ಕೂರಿಸಿ ನೋಡುವುದು ಮುಂದಿನ ಹಂತ. ಪೈಪು ಬಾಡಿಗೆ, ಬ್ರೇಕಿನ ಮತ್ತು ಪೆಟ್ರೋಲಿನ ಕೊಳವೆಗಳಿಗೆ, ಕ್ಲಚ್ ಸಲಾಕೆಗಳಿಗೆ ಎಷ್ಟು ಹತ್ತಿರ ಬರುತ್ತದೆ ಎಂದು ಗಮನಿಸಿ. ರಬ್ಬರ್ ಮೌಂಟಿಂಗ್ ಮೇಲೆ ನಿಂತ ಎಂಜಿನ್ ಆಕ್ಸಿಲರೇಟರ್ ಒತ್ತಿದಾಗ ಪಕ್ಕಕ್ಕೆ ವಾಲುತ್ತದೆ ಎಂಬುದನ್ನು ಮರೆಯಬೇಡಿ. ಅನುಮಾನವಿರುವ ಜಾಗದಲ್ಲಿ ಚಪಾತಿ ಹಿಟ್ಟಿನ ಉಂಡೆ ಅಂಟಿಸಿ, ಎಂಜಿನ್ನನ್ನು ಕೈಯಿಂದ ಬಲವಾಗಿ ಅಲುಗಿಸಿ, ಉಂಡೆ ಎಷ್ಟು ಅಪ್ಪಚ್ಚಿಯಾಗಿದೆ ಎಂದು ನೋಡಿದರೆ ಉಳಿದಿರುವ ಜಾಗ ತಿಳಿಯುತ್ತದೆ. ಎರಡು ಸೆಂಟಿಮೀಟರಿಗಿಂತ ಕಡಿಮೆ ಉಳಿದರೆ ನಾನು ಒಪ್ಪುವುದಿಲ್ಲ. ಪೆಟ್ರೋಲ್ ಕೊಳವೆಯ ಪಕ್ಕ ಇನ್ನೂ ಹೆಚ್ಚು ಜಾಗ ಬೇಕು, ತಗಡಿನ ಮರೆಯೂ ಬೇಕು. ಹಳೆಯ ಇನ್‌ಟೇಕ್ ಎಕ್ಸಾಸ್ಟಿಗೆ ತಗುಲಿಕೊಂಡು ಶಾಖ ಪಡೆಯುತ್ತಿತ್ತೇ ಎಂಬುದನ್ನೂ ನೋಡಿಡಿ. ಆ ಶಾಖ ತಪ್ಪಿದರೆ ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಎಂಜಿನ್ ಬಿಸಿಯಾಗುವವರೆಗೆ ಮುಗ್ಗರಿಸುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೂ ಹೊಂದುವಂಥದ್ದು ಸಿಗದಿದ್ದರೆ ಊರಲ್ಲೇ ಮಾಡಿಸಬಹುದು. ರಟ್ಟಿನ ಅಳತೆ ಕೊಟ್ಟು ಫ್ಲೇಂಜನ್ನು ಕತ್ತರಿಸಿಸಿ, 16 ಗೇಜ್ ದಪ್ಪದ, ಮೊದಲೇ ಬಾಗಿಸಿದ ಪೈಪು ತುಂಡುಗಳನ್ನು ತಂದು, ಎಂಜಿನ್ನಿನ ಮೇಲೆಯೇ ಚುಕ್ಕಿ ವೆಲ್ಡಿಂಗ್ ಹಾಕಿಸಿ. ಪೂರ್ತಿ ವೆಲ್ಡಿಂಗ್ ಮಾಡುವಾಗ ಮಾತ್ರ ಫ್ಲೇಂಜನ್ನು ದಪ್ಪ ಕಬ್ಬಿಣದ ಹಲಗೆಗೆ ಬಿಗಿದಿರಬೇಕು, ಕಾರಿನಲ್ಲಿಟ್ಟು ಮಾಡಿಸಲೇಬಾರದು. ಮರಳು ತುಂಬಿ ಬಗ್ಗಿಸಿದ ಪೈಪಿನ ಒಳಮೈ ಸುಕ್ಕುಗಟ್ಟಿದ್ದರೆ ತಿರಸ್ಕರಿಸಿ. ನಮ್ಮ ಮಳೆಗೆ ಬರಿಯ ಮೈಲ್ಡ್ ಸ್ಟೀಲ್ ಬೇಗ ತುಕ್ಕು ಹಿಡಿಯುವುದರಿಂದ ಕೈಯಲ್ಲಿ ಹಣವಿದ್ದರೆ ಸ್ಟೇನ್‌ಲೆಸ್ ಸ್ಟೀಲನ್ನೇ ಆರಿಸಿ. ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತುವ ಹೊಸ ರೂಢಿ ಮಲೆನಾಡಿಗೆ ಸಲ್ಲದು. ಪಟ್ಟಿ ನೀರು ಹೀರಿಕೊಂಡು ತನ್ನಡಿಯಲ್ಲೇ ಪೈಪಿಗೆ ತುಕ್ಕು ಹಿಡಿಸುತ್ತದೆ. ಸೈಲೆನ್ಸರನ್ನು ಇದ್ದಂತೆಯೇ ಉಳಿಸಿ. ಅದಿಲ್ಲದೆ ಓಡಿಸುವುದಕ್ಕೆ ಕಾನೂನು ಒಪ್ಪುವುದಿಲ್ಲ.

ಕೊನೆಯದಾಗಿ ಹೊಸ ಪ್ಯಾಕಿಂಗ್ ಮತ್ತು ಹಿತ್ತಾಳೆಯ ನಟ್ಟುಗಳನ್ನು ಬಳಸಿ, ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ ಬನ್ನಿ. ಎಂಜಿನ್ ಒಮ್ಮೆ ಚೆನ್ನಾಗಿ ಕಾದು ಪೂರ್ತಿ ತಣಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಫ್ಲೇಂಜಿನ ಅಂಚಿನುದ್ದಕ್ಕೂ ಊದುಬತ್ತಿ ಹಿಡಿದರೆ ಸೋರುವ ಜಾಗದಲ್ಲಿ ಅದರ ಹೊಗೆ ಚದುರುತ್ತದೆ. ಪೆಟ್ರೋಲ್ ವಾಸನೆಯಿದ್ದರೆ ಮಾತ್ರ ಈ ಪರೀಕ್ಷೆ ಬೇಡ. ಆಮೇಲೆ ಕಾರ್ಬುರೇಟರ್ ಹೊಂದಿಸಿಕೊಂಡು ಪ್ಲಗ್ಗಿನ ಬಣ್ಣ ನೋಡಿ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ತಿಳಿ ಕಂದು ಬಣ್ಣವಿದ್ದರೆ ಸರಿಯಿದೆ. ಶಿರಾಡಿ ಘಟ್ಟ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಸೈಲೆನ್ಸರಿನಲ್ಲಿ ಪಟಪಟನೆ ಸಿಡಿಯುವ ಸದ್ದು ಕೇಳಿದರೆ, ಕಾರ್ಬುರೇಟರ್ ಮುಟ್ಟುವ ಮೊದಲು ಆ ದೊಡ್ಡ ವಾಷರ್‌ಗಳು ಸಮವಾಗಿ ಕೂತಿವೆಯೇ ಎಂದು ಪರೀಕ್ಷಿಸಿ.